ಗಡುವಿಲ್ಲದ ತೀರ್ಪು: ಸುಪ್ರಿಯೋ ಪ್ರಕರಣದ ಅಧ್ಯಯನ

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸಲಿಂಗ ವಿವಾಹದ ಕುರಿತು ತೀರ್ಪು ನೀಡಿತು. ನಾಲ್ಕು ಪ್ರತ್ಯೇಕ ಅಭಿಪ್ರಾಯಗಳು, ಒಟ್ಟು 366 ಪುಟಗಳು. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಸಿಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ತೀರ್ಪನ್ನು ಕೂತು ಓದಿದವರನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಅರ್ಜಿಗಳನ್ನು ತಳ್ಳಿಹಾಕಿದ ಬಹುಮತದ ನ್ಯಾಯಮೂರ್ತಿಗಳೇ ಈ ಜೋಡಿಗಳು ಹಲವು ಕಡೆ ತಾರತಮ್ಯ ಅನುಭವಿಸುತ್ತಿದ್ದಾರೆ ಎಂದು ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡ ಮೇಲೆ ಪರಿಹಾರದ ಕೆಲಸವನ್ನು ಸರ್ಕಾರದ ಒಂದು ಸಮಿತಿಗೆ ಬಿಟ್ಟರು. ಎಷ್ಟು ದಿನದೊಳಗೆ ಎಂದು ಹೇಳಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಪ್ರಕರಣ ನ್ಯಾಯಾಲಯಕ್ಕೆ ಬಂದ ಬಗೆ

ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ 2022ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನವೆಂಬರ್ 25ರಂದು ಕೇಂದ್ರ ಸರ್ಕಾರಕ್ಕೆ ನೋಟಿಸ್ ಹೋಯಿತು. 2023ರ ಜನವರಿಯಲ್ಲಿ ದೆಹಲಿ, ಕೇರಳ, ಗುಜರಾತ್ ಹೈಕೋರ್ಟ್‌ಗಳಲ್ಲಿದ್ದ ಇದೇ ಬಗೆಯ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡು, ಮಾರ್ಚ್ 13ರಂದು ಎಲ್ಲವನ್ನೂ ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಏಪ್ರಿಲ್ 18ರಿಂದ ಮೇ 11ರವರೆಗೆ ಹತ್ತು ದಿನ ವಾದ ನಡೆಯಿತು. ಕಲಾಪ ನೇರ ಪ್ರಸಾರವಾದ್ದರಿಂದ ಯಾರು ಬೇಕಾದರೂ ಮನೆಯಲ್ಲೇ ಕುಳಿತು ಕೇಳಬಹುದಿತ್ತು.

ಈ ಅರ್ಜಿಗಳ ಹಿಂದೆ ಹದಿನಾಲ್ಕು ವರ್ಷಗಳ ದಾರಿ ಇದೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಮಾಡಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 377ನೇ ಸೆಕ್ಷನ್ನನ್ನು ಮತ್ತೆ ಊರ್ಜಿತಗೊಳಿಸಿತು. ಲೈಂಗಿಕ ಅಲ್ಪಸಂಖ್ಯಾತರು ದೇಶದ ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಎಂಬ ಮಾತು ಆ ತೀರ್ಪಿನಲ್ಲಿತ್ತು. ಹಕ್ಕು ಕೇಳುವವರ ತಲೆ ಎಣಿಸಿ ಹಕ್ಕನ್ನು ಅಳೆದ ಆ ಮಾತನ್ನು ಸುಪ್ರೀಂ ಕೋರ್ಟೇ ನಾಲ್ಕು ವರ್ಷಗಳಲ್ಲಿ ತಿದ್ದಿಕೊಂಡಿತು. 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕನ್ನು ಎತ್ತಿಹಿಡಿದ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು, ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಮೂಲಭೂತ ಹಕ್ಕು ನಿರಾಕರಿಸಲಾಗದು ಎಂದಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆದರೆ ಅವರು ತೆರೆಸಿದ ಬಾಗಿಲಿನಿಂದಲೇ 2018ರ ಸೆಪ್ಟೆಂಬರ್ 6ರ ತೀರ್ಪು ಒಳಬಂದು 377ರ ಭಯವನ್ನು ಕೊನೆಗಾಣಿಸಿತು. ಕನ್ನಡಿಗರು ಈ ನಂಟನ್ನು ನೆನಪಿಟ್ಟುಕೊಳ್ಳಬೇಕು.

ಅಪರಾಧ ಅಲ್ಲ ಎಂದಾಯಿತು, ಹಾಗಾದರೆ ಸಂಬಂಧ ಏನು? ಬಾಡಿಗೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ‘ಇವರು ನಿಮಗೆ ಏನಾಗಬೇಕು?’ ಎಂದು ಕೇಳಿದಾಗ ಕಾನೂನು ಒಪ್ಪುವ ಉತ್ತರ ಯಾವುದು? ಸುಪ್ರಿಯೋ ಪ್ರಕರಣ ಹುಟ್ಟಿದ್ದು ಈ ಪ್ರಶ್ನೆಯಿಂದ.

ಕೇಳಿದ್ದು ಏನು, ಬಂದ ಪ್ರತಿವಾದ ಏನು

ಹಿಂದೂ, ಮುಸ್ಲಿಂ, ಕ್ರೈಸ್ತ ವೈಯಕ್ತಿಕ ಕಾನೂನುಗಳ ಗೊಡವೆಗೆ ಹೋಗುವುದಿಲ್ಲ ಎಂದು ಪೀಠ ಮೊದಲ ದಿನವೇ ಸ್ಪಷ್ಟಪಡಿಸಿತು. ಹಾಗಾಗಿ ಚರ್ಚೆ 1954ರ ವಿಶೇಷ ವಿವಾಹ ಕಾಯ್ದೆಯ ಸುತ್ತ ನಿಂತಿತು. ಜಾತಿ, ಧರ್ಮ ಮೀರಿ ಮದುವೆಯಾಗುವವರು ಉಪ ನೋಂದಣಾಧಿಕಾರಿ ಕಚೇರಿಗೆ ಹೋಗಿ ನೋಟಿಸ್ ಕೊಟ್ಟು, ಮೂವತ್ತು ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ಸಹಿ ಹಾಕುವುದು ಇದೇ ಕಾಯ್ದೆಯಡಿ. ಅದರ 4ನೇ ಸೆಕ್ಷನ್ ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು ಎನ್ನುತ್ತದೆ. ಗಂಡ, ಹೆಂಡತಿ ಎಂದಿರುವಲ್ಲಿ ಸಂಗಾತಿ ಎಂದು ಓದಿಕೊಂಡರೆ ಸಾಕು, ಕಾಯ್ದೆಯನ್ನು ಹೊಸದಾಗಿ ಬರೆಯಬೇಕಿಲ್ಲ ಎಂಬುದು ಅರ್ಜಿದಾರರ ಮುಖ್ಯ ವಾದವಾಗಿತ್ತು. 2018ರ ಹಾದಿಯಾ ಪ್ರಕರಣದಲ್ಲಿ ಇದೇ ನ್ಯಾಯಾಲಯ, ತಾನು ಮೆಚ್ಚಿದವರನ್ನು ಮದುವೆಯಾಗುವ ಹಕ್ಕು ಜೀವ ಮತ್ತು ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿಯ ಭಾಗ ಎಂದಿದ್ದನ್ನೂ ಅವರು ನೆನಪಿಸಿದರು.

ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಕೇಂದ್ರದ ಪರ ಹೇಳಿದ್ದರಲ್ಲಿ ಒಂದು ಅಂಶಕ್ಕೆ ನಿಜವಾದ ತೂಕವಿದೆ. ಗಂಡ, ಹೆಂಡತಿ ಎಂಬ ಪದಗಳನ್ನು ಒಂದು ಕಾಯ್ದೆಯಲ್ಲಿ ಬದಲಿಸಿದರೆ ಸುಮಾರು 160 ಕಾನೂನು ವಿಧಿಗಳು ಅಲುಗಾಡುತ್ತವೆ ಎಂದು ಅವರು ವಾದಿಸಿದರು. ವಿಶೇಷ ವಿವಾಹ ಕಾಯ್ದೆಯಲ್ಲೇ ಹೆಂಡತಿಗೆ ಮಾತ್ರ ಇರುವ ವಿಚ್ಛೇದನದ ಕಾರಣಗಳಿವೆ, ಹೆಂಡತಿಗೆ ಮಾತ್ರ ಸಿಗುವ ಜೀವನಾಂಶವಿದೆ. ಮಹಿಳೆಯರು ಹೋರಾಡಿ ಪಡೆದ ಈ ರಕ್ಷಣೆಗಳನ್ನು ಲಿಂಗತಟಸ್ಥವಾಗಿ ಓದಿದರೆ ಅವು ದುರ್ಬಲವಾಗುವ ಅಪಾಯವಿದೆ ಎಂಬ ಕಾಳಜಿ ತೀರ್ಪಿನಲ್ಲೂ ಇದೆ. ಇದನ್ನು ನೆಪ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಕೆಲಸ ಕಷ್ಟ ಎಂಬುದು ಕೆಲಸ ಮಾಡದಿರಲು ಕಾರಣವಾಗಬಾರದು.

ಇನ್ನೊಂದು ವಾದಕ್ಕೆ ಮಾತ್ರ ಹುರುಳಿರಲಿಲ್ಲ. ಸಾಮಾಜಿಕ ಮನ್ನಣೆಗಾಗಿ ಹೀಗೆ ಬೇಡಿಕೆ ಇಡುವುದು ನಗರದ ಮೇಲ್ವರ್ಗದವರ ದೃಷ್ಟಿಕೋನ ಎಂದು ಕೇಂದ್ರ ಲಿಖಿತವಾಗಿ ಹೇಳಿತ್ತು. ಅರ್ಜಿದಾರರ ಪಟ್ಟಿ ನೋಡಿದರೆ ಸಾಕಿತ್ತು. ಅದರಲ್ಲಿ ಪಂಜಾಬಿನ ದಲಿತ ಮಹಿಳೆಯೊಬ್ಬರು ಹರಿಯಾಣದ ಹಿಂದುಳಿದ ವರ್ಗದ ತಮ್ಮ ಸಂಗಾತಿಯೊಂದಿಗೆ ಇದ್ದರು. ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಪಡೆದ ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಇದ್ದರು. ಹೆತ್ತ ಮನೆಯಲ್ಲೇ ಹಿಂಸೆ ಅನುಭವಿಸಿ ಓಡಿಬಂದವರ ಪರವಾಗಿ ಬಂದ ಅರ್ಜಿಯೂ ಇತ್ತು. ಆ ಮೇಲ್ವರ್ಗದ ಮಾತಿಗೆ ಆಧಾರವಾಗಿ ಅಂಕಿಅಂಶ ಎಲ್ಲಿದೆ ಎಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ವಿಚಾರಣೆಯಲ್ಲೇ ಕೇಳಿದರು.

ತೀರ್ಪಿನ ಒಳಗೆ

ಐವರೂ ಒಪ್ಪಿದ ಸಂಗತಿಗಳು ಇವು: ಸಂವಿಧಾನದಲ್ಲಿ ಮದುವೆಯಾಗುವ ಮೂಲಭೂತ ಹಕ್ಕು ಎಂಬುದಿಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ರದ್ದುಮಾಡಲೂ ಆಗದು, ಅದರೊಳಗೆ ಹೊಸ ಪದ ಸೇರಿಸಿ ಓದಲೂ ಆಗದು, ಗಂಡು-ಹೆಣ್ಣು ಸಂಬಂಧದಲ್ಲಿರುವ ಲಿಂಗತ್ವ ಅಲ್ಪಸಂಖ್ಯಾತರು (ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು) ಈಗಿರುವ ಕಾನೂನುಗಳಡಿಯಲ್ಲೇ ಮದುವೆಯಾಗಬಹುದು. ಈ ಕೊನೆಯ ಅಂಶ ದೊಡ್ಡ ಗೆಲುವು. ಅದರ ಸುದ್ದಿ ನಮ್ಮ ಎಷ್ಟೋ ನೋಂದಣಿ ಕಚೇರಿಗಳಿಗೆ ಇನ್ನೂ ತಲುಪಬೇಕಿದೆ ಎಂಬುದು ನನ್ನ ಅನಿಸಿಕೆ.

ಬಿರುಕು ಬಿಟ್ಟದ್ದು ಆಮೇಲೆ. ಮದುವೆ ಇಲ್ಲದಿದ್ದರೂ ಜೊತೆಯಾಗಿ ಬಾಳುವ ಸಂಬಂಧಕ್ಕೆ ಸಂವಿಧಾನದ ರಕ್ಷಣೆ ಇದೆ, ರಾಜ್ಯ (ಅಂದರೆ ಸರ್ಕಾರ) ಅದನ್ನು ಗುರುತಿಸಲೇಬೇಕು ಎಂದು ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್ ಹೇಳಿದರು. ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಒಪ್ಪಲಿಲ್ಲ. ಮೂವರು ಒಂದು ಕಡೆ, ಇಬ್ಬರು ಒಂದು ಕಡೆ.

ಬಹುಮತದ ಮುಖ್ಯ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಭಟ್. ತೀರ್ಪು ಕೊಟ್ಟ ಮೂರೇ ದಿನಕ್ಕೆ ಅವರು ನಿವೃತ್ತರಾದರು. ಅವರ 89 ಪುಟಗಳಲ್ಲಿ ದ್ವೇಷ ಎಲ್ಲೂ ಇಲ್ಲ, ಅನುಕಂಪ ಬೇಕಾದಷ್ಟಿದೆ. ಇಬ್ಬರು ಪರಸ್ಪರ ಆರಿಸಿಕೊಳ್ಳಬಹುದು, ಒಂದೇ ಸೂರಿನಡಿ ಬಾಳಬಹುದು, ಅದಕ್ಕೆ ಅಡ್ಡಿಪಡಿಸುವವರಿಂದ ರಾಜ್ಯ ಅವರನ್ನು ಕಾಪಾಡಬೇಕು ಎಂದು ಅವರು ಬರೆದರು. ಆದರೆ ಮದುವೆ ಎಂಬ ಸಂಸ್ಥೆ ರಾಜ್ಯಕ್ಕಿಂತ ಹಿಂದಿನದು. ಆ ಸಂಬಂಧಕ್ಕೊಂದು ಕಾನೂನಿನ ಸ್ಥಾನಮಾನ ಕೊಡಿ ಎಂದು ನ್ಯಾಯಾಲಯ ರಾಜ್ಯಕ್ಕೆ ಆಜ್ಞೆ ಮಾಡಲಾಗದು, ಅದು ಶಾಸಕಾಂಗದ ಕೆಲಸ ಎಂಬುದು ಅವರ ತರ್ಕ. ಇದಾದ ಮೇಲೆ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಭವಿಷ್ಯನಿಧಿ, ಪಿಂಚಣಿ, ವಿಮೆಯಂಥ ಸವಲತ್ತುಗಳು ಮದುವೆಗೆ ಕಟ್ಟಿಹಾಕಿರುವುದರಿಂದ, ಮದುವೆಯಾಗಲು ಕಾನೂನೇ ಬಿಡದ ಜೋಡಿಗಳು ದುಡಿದು ಗಳಿಸಿದ್ದರಿಂದಲೂ ವಂಚಿತರಾಗುತ್ತಾರೆ. ಇದರ ಪರಿಣಾಮ ತಾರತಮ್ಯವೇ, ರಾಜ್ಯ ಇದನ್ನು ಸರಿಪಡಿಸಬೇಕು ಎನ್ನುತ್ತಾರೆ.

ದತ್ತು ವಿಷಯದಲ್ಲೂ ಇದೇ ಮಾದರಿ. 2022ರ ದತ್ತು ನಿಯಮಗಳ ಪ್ರಕಾರ ಜೋಡಿಯೊಂದು ದತ್ತು ಪಡೆಯಬೇಕಾದರೆ ಕನಿಷ್ಠ ಎರಡು ವರ್ಷದ ಸ್ಥಿರ ವೈವಾಹಿಕ ಸಂಬಂಧ ಇರಬೇಕು. ಮದುವೆಯಾಗದವರು ಒಂಟಿಯಾಗಿ ಮಾತ್ರ ದತ್ತು ಪಡೆಯಬಹುದು. ಅಂದರೆ ಇಬ್ಬರು ಸೇರಿ ಸಾಕಿದ ಮಗುವಿಗೆ ಕಾಗದದಲ್ಲಿ ಒಬ್ಬರೇ ಪೋಷಕರು. ಅವರು ತೀರಿಕೊಂಡರೆ, ರಾತ್ರಿಯಿಡೀ ತೊಟ್ಟಿಲು ತೂಗಿದ ಇನ್ನೊಬ್ಬರು ಕಾನೂನಿನ ಕಣ್ಣಿಗೆ ಅಪರಿಚಿತರು. ಅಲ್ಪಮತ ಈ ನಿಯಮ ಅಸಾಂವಿಧಾನಿಕ ಎಂದಿತು. ಬಹುಮತ ನಿಯಮವನ್ನು ಉಳಿಸಿ, ಇಂಥ ಮಕ್ಕಳಿಗೆ ಆಗುವ ನಷ್ಟವನ್ನು ಸರ್ಕಾರ ಗಮನಿಸಬೇಕು ಎಂದಿತು.

ಒಂದು ಫಾರ್ಮಿನ ಮುಂದೆ ಕುಳಿತಾಗ

ತಾರತಮ್ಯ ಎಂಬುದು ಎಲ್ಲಿ ತಾಕುತ್ತದೆ ಎಂದು ತಿಳಿಯಲು ಭವಿಷ್ಯನಿಧಿಯ ನಾಮಿನಿ ಫಾರ್ಮ್ ಒಂದನ್ನೇ ನೋಡಬಹುದು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಹಿಳೆ, ಹದಿನೈದು ವರ್ಷದಿಂದ ತನ್ನ ಸಂಗಾತಿಯೊಂದಿಗೆ ಇದ್ದಾಳೆ ಎಂದಿಟ್ಟುಕೊಳ್ಳಿ. ಫಾರ್ಮಿನಲ್ಲಿ ನಾಮಿನಿಯ ಹೆಸರು, ವಿಳಾಸ, ಸದಸ್ಯರೊಂದಿಗಿನ ಸಂಬಂಧ ಎಂಬ ಕಾಲಂಗಳಿವೆ. 1952ರ ಯೋಜನೆಯ ಪ್ರಕಾರ ಮಹಿಳಾ ಸದಸ್ಯೆಯ ಕುಟುಂಬ ಎಂದರೆ ಗಂಡ, ಮಕ್ಕಳು, ಅವಲಂಬಿತ ತಂದೆ-ತಾಯಿ ಮತ್ತು ಗಂಡನ ಕಡೆಯ ಕೆಲವರು. ಕುಟುಂಬ ಇದ್ದೂ ಹೊರಗಿನವರನ್ನು ನಾಮಿನಿ ಮಾಡಿದರೆ ಆ ನಾಮನಿರ್ದೇಶನವೇ ಅಸಿಂಧು. ಅವಳ ತಾಯಿ ಅವಳ ಸಂಬಳದ ಮೇಲೆ ಅವಲಂಬಿತರಾಗಿದ್ದರೆ ಸಾಕು, ಸಂಗಾತಿಯ ಹೆಸರು ಬರೆಯುವ ದಾರಿ ಮುಚ್ಚಿತು. ತಾಯಿಯನ್ನು ಸಾಕುವ ಮಗಳಿಗೇ ಈ ನಿಯಮ ಹೆಚ್ಚು ಬಿಗಿ. ಈ ವ್ಯಾಖ್ಯೆಗೆ ಸೇರುವ ಕುಟುಂಬ ಇಲ್ಲದವರು ಯಾರ ಹೆಸರನ್ನಾದರೂ ಬರೆಯಬಹುದು. ಗ್ರಾಚ್ಯುಟಿಗೂ ಸುಮಾರಾಗಿ ಇದೇ ಕಟ್ಟಳೆ.

ಇನ್ನು ಆಸ್ತಿ. ಅವಿವಾಹಿತ ಹಿಂದೂ ಮಹಿಳೆ ಮಕ್ಕಳಿಲ್ಲದೆ, ಉಯಿಲು ಬರೆಯದೆ ತೀರಿಕೊಂಡರೆ, ಅವಳು ದುಡಿದು ಕೊಂಡ ಮನೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ತಂದೆ-ತಾಯಿಗೆ ಹೋಗುತ್ತದೆ. ಕಂತು ಕಟ್ಟಲು ಹೆಗಲು ಕೊಟ್ಟ ಸಂಗಾತಿಗೆ ಅದರಲ್ಲಿ ಒಂದು ಕೋಣೆಯೂ ಇಲ್ಲ. ಉಯಿಲು ಬರೆದರೆ ಈ ಪೈಕಿ ಒಂದಿಷ್ಟನ್ನು ತಪ್ಪಿಸಬಹುದು. ಹಾಗೆಂದು ಮೂವತ್ತೈದರ ಹರೆಯದಲ್ಲಿ ಉಯಿಲು ಬರೆದಿಡುವವರು ನಮ್ಮಲ್ಲಿ ಎಷ್ಟು ಮಂದಿ? ಮದುವೆಯಾದವರಿಗೆ ಕಾನೂನು ತಾನಾಗಿ ಕೊಡುವ ರಕ್ಷಣೆಯನ್ನು ಇವರು ಒಂದೊಂದಾಗಿ ಕಾಗದ ಮಾಡಿಸಿ ಗಳಿಸಬೇಕು. ಒಂದು ಕಾಗದ ತಪ್ಪಿದರೂ ಪಡೆದದ್ದು ಕೈಬಿಟ್ಟು ಹೋಗುತ್ತದೆ.

ಸಮಿತಿ ಬಂದಿತು

ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸುವುದಾಗಿ ಸಾಲಿಸಿಟರ್ ಜನರಲ್ ವಿಚಾರಣೆ ವೇಳೆಯಲ್ಲೇ ಹೇಳಿದ್ದರು. ತೀರ್ಪು ಅದನ್ನು ದಾಖಲಿಸಿಕೊಂಡಿತು. ಸಮಿತಿ ಅಧಿಸೂಚನೆಯಾಗಿ ಬಂದದ್ದು 2024ರ ಏಪ್ರಿಲ್‌ನಲ್ಲಿ, ಸುಮಾರು ಆರು ತಿಂಗಳಾದ ಮೇಲೆ. ಆ ವರ್ಷದ ಆಗಸ್ಟ್ ಹೊತ್ತಿಗೆ ಕೆಲವು ಸುತ್ತೋಲೆಗಳು ಹೊರಬಿದ್ದವು. ಪಡಿತರ ಚೀಟಿಯ ಮಟ್ಟಿಗೆ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಿ ಎಂದು ರಾಜ್ಯಗಳಿಗೆ ಪತ್ರ ಹೋಯಿತು. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿ ಇಲ್ಲ ಎಂದು ಬ್ಯಾಂಕುಗಳ ವಿಷಯದಲ್ಲಿ ಹಣಕಾಸು ಸಚಿವಾಲಯ ತಿಳಿಸಿತು. ಹತ್ತಿರದ ಸಂಬಂಧಿಕರು ಸಿಗದಿದ್ದಾಗ ಸಂಗಾತಿಗೆ ಮೃತದೇಹ ಒಪ್ಪಿಸಲು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆಯಿತು.

ಪಡಿತರ ಚೀಟಿಯ ಪತ್ರವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಬಡವರಿಗೆ ನೇರವಾಗಿ ಮುಟ್ಟುವುದು ಅದೊಂದೇ. ಉಳಿದೆರಡನ್ನು ನಿಧಾನವಾಗಿ ಓದಬೇಕು. ಬ್ಯಾಂಕಿನಲ್ಲಿ ಯಾರ ಜೊತೆಗಾದರೂ ಜಂಟಿ ಖಾತೆ ತೆರೆಯಲು ಹಿಂದೆಯೂ ನಿಷೇಧ ಇರಲಿಲ್ಲ. ನಾಮಿನಿ ಎಂದರೆ ಒಡೆಯನಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವರು ಮಾತ್ರ ಎಂಬುದು ನಮ್ಮಲ್ಲಿ ಬಹುಕಾಲದಿಂದ ನೆಲೆಗೊಂಡ ಕಾನೂನು. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೊಮ್ಮೆ ಹೇಳಿತು. ಮೃತರ ಅಣ್ಣನೋ ತಾಯಿಯೋ ವಾರಸುದಾರರಾಗಿ ಬಂದು ಕೇಳಿದರೆ ನಾಮಿನಿಯಾದ ಸಂಗಾತಿ ಆ ಹಣವನ್ನು ಬಿಟ್ಟುಕೊಡಬೇಕಾಗುತ್ತದೆ. ಜೀವ ವಿಮೆಯಲ್ಲಿ 2015ರ ತಿದ್ದುಪಡಿ ನಾಮಿನಿಗೇ ಹಣದ ಹಕ್ಕು ಕೊಟ್ಟಿತು, ಆದರೆ ಆ ನಾಮಿನಿ ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ಆಗಿದ್ದರೆ ಮಾತ್ರ.

ಮೃತದೇಹದ ಸುತ್ತೋಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ‘ಸಿಗದಿದ್ದಾಗ’ ಎಂಬ ಷರತ್ತು. ಇಪ್ಪತ್ತು ವರ್ಷ ಮಾತಿಲ್ಲದ ಅಣ್ಣ ದೂರದ ಊರಿಂದ ಬಂದು ನಿಂತರೆ ಸಾಕು, ಅದುವರೆಗೆ ಹಾಸಿಗೆ ಪಕ್ಕದಲ್ಲಿ ಕುಳಿತವರು ಶವಾಗಾರದ ಹೊರಗೆ. ಅಂತ್ಯಸಂಸ್ಕಾರದಲ್ಲಿ ಕೊಳ್ಳಿ ಇಡುವವರು ಯಾರು, ಮಣ್ಣು ಹಾಕುವವರು ಯಾರು ಎಂಬುದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ ಎಂಬುದು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಪುನರ್‌ಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ತಿರಸ್ಕೃತವಾದವು. ಅಷ್ಟರಲ್ಲಿ ಮೂಲ ಪೀಠದ ಐವರಲ್ಲಿ ನಾಲ್ವರು ನಿವೃತ್ತರಾಗಿದ್ದರು. ತೆರೆದ ನ್ಯಾಯಾಲಯದಲ್ಲಿ ವಾದ ಕೇಳದೆ ಕೊಠಡಿಯಲ್ಲೇ ನಿರ್ಧಾರವಾಯಿತು.

ಸಂಸತ್ತಿಗೇ ಬಿಟ್ಟ ಬೇರೆ ನ್ಯಾಯಾಲಯಗಳು

ಚುನಾಯಿತರು ಮಾಡಬೇಕಾದ ಕಾನೂನನ್ನು ನ್ಯಾಯಾಧೀಶರು ಮಾಡಬಾರದು ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಪ್ರಜಾಪ್ರಭುತ್ವದಲ್ಲಿ ಅದು ನ್ಯಾಯವಾದ ಮಾತು. ಆದರೆ ಶಾಸಕಾಂಗಕ್ಕೆ ಬಿಡುವುದರಲ್ಲೂ ಎರಡು ಬಗೆ ಇದೆ.

ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2005ರ ಡಿಸೆಂಬರ್ 1ರಂದು ಸಲಿಂಗ ಜೋಡಿಗಳನ್ನು ಮದುವೆಯಿಂದ ಹೊರಗಿಟ್ಟದ್ದು ತಪ್ಪು ಎಂದು ಘೋಷಿಸಿತು. ತಾನೇ ಕಾನೂನು ಬರೆಯಲಿಲ್ಲ. ಸಂಸತ್ತಿಗೆ ಒಂದು ವರ್ಷ ಕೊಟ್ಟಿತು. ಅಷ್ಟರೊಳಗೆ ಕಾನೂನು ಬಾರದಿದ್ದರೆ ವಿವಾಹ ಕಾಯ್ದೆಯಲ್ಲಿ ಸಂಗಾತಿ ಎಂಬ ಪದ ತಾನಾಗಿಯೇ ಸೇರಿಕೊಳ್ಳುತ್ತದೆ ಎಂದಿತು. ಗಡುವಿಗೆ ಒಂದು ದಿನ ಮುಂಚೆ, 2006ರ ನವೆಂಬರ್ 30ರಂದು, ಕಾನೂನು ಜಾರಿಗೆ ಬಂದಿತು. ತೈವಾನಿನ ಸಾಂವಿಧಾನಿಕ ನ್ಯಾಯಾಲಯ 2017ರ ಮೇ 24ರಂದು ಎರಡು ವರ್ಷದ ಗಡುವು ಕೊಟ್ಟಿತು. ನಡುವೆ 2018ರ ಜನಮತಗಣನೆಯಲ್ಲಿ ಬಹುಪಾಲು ಮತದಾರರು ಸಲಿಂಗ ವಿವಾಹದ ವಿರುದ್ಧ ಮತ ಹಾಕಿದರು. ಆದರೂ ನ್ಯಾಯಾಲಯದ ಗಡುವು ತಪ್ಪಲಿಲ್ಲ. ನಾಗರಿಕ ಸಂಹಿತೆಯನ್ನು ಮುಟ್ಟದೆ ಪ್ರತ್ಯೇಕ ಕಾನೂನೊಂದನ್ನು ಶಾಸನಸಭೆ ಅಂಗೀಕರಿಸಿ, 2019ರ ಮೇ 24ರಂದು ಜಾರಿಗೆ ತಂದಿತು. ಬಹುಸಂಖ್ಯಾತರ ಅಭಿಪ್ರಾಯಕ್ಕೂ ಅಲ್ಪಸಂಖ್ಯಾತರ ಹಕ್ಕಿಗೂ ಮುಖಾಮುಖಿಯಾದಾಗ ಸಂವಿಧಾನ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಬಹುಮತದ ತರ್ಕದಲ್ಲಿ ಇದಕ್ಕೆ ಒಂದು ಉತ್ತರ ಸಿಗುತ್ತದೆ: ಮೂಲಭೂತ ಹಕ್ಕೇ ಇಲ್ಲದ ಮೇಲೆ ಗಡುವು ಹಾಕಲು ಆಧಾರ ಯಾವುದು? ಮದುವೆಯ ಮಟ್ಟಿಗೆ ಈ ಮಾತನ್ನು ಒಪ್ಪೋಣ. ಆದರೆ ಪಿಂಚಣಿ, ವಿಮೆ, ಭವಿಷ್ಯನಿಧಿಯ ವಿಷಯದಲ್ಲಿ ತಾರತಮ್ಯ ಇದೆ ಎಂದು ಅದೇ ತೀರ್ಪು ಹೇಳಿದೆ. ಸಮಾನತೆ ಮೂಲಭೂತ ಹಕ್ಕು. ಆ ಸವಲತ್ತುಗಳ ಮಟ್ಟಿಗಾದರೂ ಸಮಿತಿಗೆ ಒಂದು ತಾರೀಖು ಕೊಡಲು ಅಡ್ಡಿ ಇರಲಿಲ್ಲ. ವರದಿಯನ್ನು ನ್ಯಾಯಾಲಯದ ಮುಂದಿಡಿ ಎಂದಾದರೂ ಹೇಳಬಹುದಿತ್ತು.

ತೀರ್ಪಿನ ನಂತರ ಕೆಳಗಿನ ಹಂತದಲ್ಲಿ ಕೆಲಸ ನಿಂತಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಸಂಗಾತಿಗಳ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ (ಅಕ್ರಮವಾಗಿ ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿಗಳಲ್ಲಿ) ‘ಬುದ್ಧಿ ಹೇಳುವ’ ಹೆಸರಿನಲ್ಲಿ ಮನಸ್ಸು ಬದಲಿಸಲು ಹೋಗಬಾರದು ಎಂದು ಹೈಕೋರ್ಟ್‌ಗಳಿಗೆ ಮಾರ್ಗಸೂಚಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಹೆತ್ತವರು ಹಿಡಿದಿಟ್ಟಿದ್ದ ಯುವತಿಯನ್ನು ಬಿಡಿಸಿ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು. ಅದು ಸುಪ್ರಿಯೋ ತೀರ್ಪನ್ನು ಮೀರಲಿಲ್ಲ, ಅದರೊಳಗೆ ಉಳಿದಿದ್ದ ಜಾಗವನ್ನು ಬಳಸಿಕೊಂಡಿತು.

ಕರ್ನಾಟಕದ ಕೈಯಲ್ಲಿರುವುದು

ವಿವಾಹ, ದತ್ತು, ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ರಾಜ್ಯ ವಿಧಾನಮಂಡಲ ತಿದ್ದುಪಡಿ ತಂದರೂ ಅದು ಕೇಂದ್ರದ ಕಾಯ್ದೆಗೆ ವಿರುದ್ಧವಾಗಿದ್ದರೆ ರಾಷ್ಟ್ರಪತಿಯ ಅಂಕಿತ ಬೇಕು. ಸದ್ಯಕ್ಕೆ ಆ ದಾರಿ ಕಡಿದಾಗಿದೆ. ಆದರೆ ರಾಜ್ಯದ ಸೇವೆಗಳು ಮತ್ತು ರಾಜ್ಯದ ಪಿಂಚಣಿ ರಾಜ್ಯ ಪಟ್ಟಿಯ 41 ಮತ್ತು 42ನೇ ನಮೂದುಗಳಲ್ಲಿ ಪೂರ್ತಿಯಾಗಿ ನಮ್ಮ ಸರ್ಕಾರದ ಕೈಯಲ್ಲಿವೆ. ನಮಗೆ ಇದರ ಅನುಭವವೂ ಇದೆ. ಪೊಲೀಸ್ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಜಾಗವೇ ಇಲ್ಲದ್ದನ್ನು ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ, 2021ರ ಜುಲೈನಲ್ಲಿ ಸರ್ಕಾರ 1977ರ ನೇಮಕಾತಿ ನಿಯಮಗಳನ್ನು ತಿದ್ದಿ, ಪ್ರತಿ ವರ್ಗದಲ್ಲೂ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ದೇಶದಲ್ಲೇ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಅದೇ ಬಗೆಯ ತಿದ್ದುಪಡಿಯಿಂದ ರಾಜ್ಯ ನೌಕರರ ಕುಟುಂಬ ಪಿಂಚಣಿ, ವೈದ್ಯಕೀಯ ವೆಚ್ಚ ಮರುಪಾವತಿ ಮತ್ತು ಮರಣ ಸೌಲಭ್ಯಗಳ ನಿಯಮಗಳಲ್ಲಿರುವ ‘ಕುಟುಂಬ’ದ ವ್ಯಾಖ್ಯೆಗೆ, ನೌಕರರು ಲಿಖಿತವಾಗಿ ಘೋಷಿಸಿದ ಸಂಗಾತಿಯನ್ನು ಸೇರಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಹುದಾದವರ ಪಟ್ಟಿಯಲ್ಲಿ ರೋಗಿಯೇ ಮುಂಚಿತವಾಗಿ ಸೂಚಿಸಿದ ವ್ಯಕ್ತಿಯನ್ನು ಸೇರಿಸಬಹುದು. ಮೃತದೇಹದ ವಿಷಯದಲ್ಲಿ ಕೇಂದ್ರದ ಸುತ್ತೋಲೆಯ ‘ಸಿಗದಿದ್ದಾಗ’ ಎಂಬ ಷರತ್ತನ್ನು ಬಿಟ್ಟು, ಮೃತರು ಬದುಕಿದ್ದಾಗ ಯಾರ ಹೆಸರು ಹೇಳಿದ್ದರೋ ಅವರಿಗೆ ಮೊದಲ ಹಕ್ಕು ಎಂದು ಆರೋಗ್ಯ ಇಲಾಖೆ ಆದೇಶಿಸಬಹುದು. ಇವುಗಳಲ್ಲಿ ಸೇವಾ ನಿಯಮಗಳಿಗೆ ರಾಜ್ಯಪತ್ರದಲ್ಲಿ ಪ್ರಕಟವಾಗುವ ಅಧಿಸೂಚನೆ ಸಾಕು, ಉಳಿದವಕ್ಕೆ ಇಲಾಖೆಯ ಆದೇಶ ಸಾಕು. ಯಾವುದಕ್ಕೂ ದೆಹಲಿಯ ಸಮಿತಿಯ ವರದಿಗಾಗಿ ಕಾಯಬೇಕಿಲ್ಲ.